ಸ್ಪ್ರಿಂಗ್ ಗಟ್ಟಿಯಾಯಿತು ಎಂದವರು

ಬೆಳಿಗ್ಗೆ ಹನ್ನೊಂದೂಕಾಲಿಗೆ ಲ್ಯಾಬಿನ ಕೌಂಟರಿನ ಮೇಲೆ ಹೆಲ್ಮೆಟ್ಟನ್ನು ಅಂಗಾತ ಇಟ್ಟು, ಅದರೊಳಗೆ ಎರಡೂ ಗ್ಲೌಸ್ ಹಾಕಿ, ಸ್ಯಾಂಪಲ್ ಬಾಕ್ಸನ್ನು ಕರ್ಚೀಫಿನಿಂದ ಒರೆಸಿ, ಆಮೇಲೆ ಅದೇ ಕರ್ಚೀಫಿನಿಂದ ತಮ್ಮ ಮುಖ ಒರೆಸಿಕೊಂಡು ಅವರು ಕೇಳುತ್ತಿದ್ದ ಮೊದಲ ಮಾತು ಒಂದೇ.

"ನಿನ್ನೇದು ಎಂತಾದ್ರೂ ಒಡೆದಿತ್ತಾ ಮೇಡಂ?"

ನಮಸ್ಕಾರ ಇಲ್ಲ, ತಿಂಡಿ ಆಯ್ತಾ ಇಲ್ಲ. ಏಳು ವರ್ಷ ಇದೇ ಪ್ರಶ್ನೆ. "ಇಲ್ಲ" ಎಂದರೆ ಬೆಂಚಿನ ಮೇಲೆ ಕೂತು ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಇಡ್ಲಿ ವಡೆಯ ಪೊಟ್ಟಣ ಬಿಚ್ಚುತ್ತಿದ್ದರು. "ಒಂದು ಒಡೆದಿದೆ" ಎಂದರೆ ಪೊಟ್ಟಣ ಹಾಗೇ ಚೀಲಕ್ಕೆ ವಾಪಸು ಹೋಗುತ್ತಿತ್ತು.

ನಾನು ಕೊಪ್ಪದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಪ್ಪತ್ತೆರಡು ವರ್ಷವಾಯಿತು. ಅವರು ನಮಗೆ ರಕ್ತ ತಂದುಕೊಡುತ್ತಿದ್ದವರು. ಬೆಳಿಗ್ಗೆ ಎನ್.ಆರ್.ಪುರ, ಸೀತೂರು ಕಡೆ, ಮಧ್ಯಾಹ್ನ ಜಯಪುರ, ಶೃಂಗೇರಿ ಕಡೆ. ಅಲ್ಲಲ್ಲಿ ನರ್ಸುಗಳು ತೆಗೆದಿಟ್ಟ ಟ್ಯೂಬುಗಳನ್ನು ಬಾಕ್ಸಿಗೆ ಹಾಕಿ ಬೈಕಿನಲ್ಲಿ ತರುವುದು ಅವರ ಕೆಲಸ. ಒಡೆಯುವುದು ಎಂದರೆ ಟ್ಯೂಬಲ್ಲ, ಒಳಗಿನ ರಕ್ತ. ಟ್ಯೂಬನ್ನು ಯಂತ್ರದಲ್ಲಿಟ್ಟು ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಹೋಗಿ ಮೇಲೆ ತಿಳಿ ನಿಲ್ಲುತ್ತದೆ. ಅದು ತೆಳು ಹಳದಿ ಇರಬೇಕು. ದಾರಿಯಲ್ಲಿ ಸಿಕ್ಕಾಪಟ್ಟೆ ಕುಲುಕಿದರೆ ಕಣಗಳು ಒಡೆದು ತಿಳಿಯೆಲ್ಲ ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣಕ್ಕೆ ಬರುತ್ತದೆ. ಅಂಥ ರಕ್ತದಲ್ಲಿ ಕೆಲವು ಪರೀಕ್ಷೆ ಮಾಡುವ ಹಾಗಿಲ್ಲ, ಮಾಡಿದರೆ ಸುಳ್ಳು ಉತ್ತರ. ಆ ಮನುಷ್ಯರನ್ನು ಮತ್ತೆ ಕರೆಸಿ ಮತ್ತೆ ಚುಚ್ಚಬೇಕು.

ಹೆಸರಿಲ್ಲದ ಟ್ಯೂಬನ್ನು ನಾವು ಮುಟ್ಟುವುದಿಲ್ಲ. ಆದರೂ ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ. ಬರೆದರೆ ಊರಿನ ಅರ್ಧ ಜನ "ಓ, ಅವರಾ" ಎನ್ನುತ್ತಾರೆ. ಇನ್ನರ್ಧ ಜನ "ಅವರಿಗೂ ನಿಮಗೂ ಎಂತ?" ಎನ್ನುತ್ತಾರೆ. ಎಂತ ಇತ್ತು ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ದಿನಕ್ಕೆ ಎರಡು ಸಲ, ಸಲಕ್ಕೆ ಹತ್ತು ನಿಮಿಷ, ನಡುವೆ ಒಂದು ಕೌಂಟರ್. ಅಷ್ಟೇ.

ಅವರ ಬೈಕ್ ಇಪ್ಪತ್ತೈದರ ಮೇಲೆ ಓಡಿದ್ದನ್ನು ಯಾರೂ ನೋಡಿಲ್ಲ. ಶಾಲೆಯ ವ್ಯಾನು, ಗೊಬ್ಬರದ ಪಿಕಪ್ಪು ಎಲ್ಲ ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಒಮ್ಮೆ ಶೃಂಗೇರಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ಬಾಕ್ಸಲ್ಲಿ ಮೊಟ್ಟೆ ಇದ್ಯಾ ಮಾರಾಯ್ರೆ?" ಎಂದು ಕೂಗಿದನಂತೆ. "ಮೊಟ್ಟೆ ಆಗಿದ್ರೆ ಚಿಂತೆ ಇರ್ಲಿಲ್ಲ, ಒಡೆದ್ರೆ ಆಮ್ಲೆಟ್ ಮಾಡ್ಕೊಳ್ತಿದ್ದೆ" ಎಂದು ಇವರು. ಇದನ್ನು ನನಗೆ ಹೇಳುವಾಗ ಕಂಡಕ್ಟರನ ಹಾಗೆ ಒಂದು ಕೈ ಮೇಲೆ ಎತ್ತಿ ಕಂಬಿ ಹಿಡಿದು ತೋರಿಸಿದರು. ಅವರು ಯಾರ ಮಾತು ಹೇಳಿದರೂ ಆ ಮನುಷ್ಯರಾಗಿಯೇ ನಿಲ್ಲುತ್ತಿದ್ದರು. ತಮ್ಮ ಮಾತು ಹೇಳುವಾಗ ಮಾತ್ರ ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಹೆಲ್ಮೆಟ್ಟಿನ ಪಟ್ಟಿ ಹಿಡಿದುಕೊಳ್ಳುತ್ತಿದ್ದರು.

ರಸ್ತೆಯ ಒಂದೊಂದು ಗುಂಡಿಗೂ ಅವರು ಹೆಸರಿಟ್ಟಿದ್ದರು. ಒಬ್ಬ ಮೇಷ್ಟ್ರು ಸ್ಕೂಟರಿನಿಂದ ಬಿದ್ದದ್ದು ಮೇಷ್ಟ್ರ ಗುಂಡಿ. ನೀರಿನ ಪೈಪಿಗೆ ಅಗೆದು ಹಾಗೇ ಬಿಟ್ಟದ್ದು ಪೈಪ್ ಗುಂಡಿ. ಐದು ವರ್ಷಕ್ಕೊಮ್ಮೆ ಮಾತ್ರ ಮುಚ್ಚುವುದಕ್ಕೆ ಎಲೆಕ್ಷನ್ ಗುಂಡಿ. "ಎಲೆಕ್ಷನ್ ಗುಂಡಿ ಮತ್ತೆ ಬಾಯಿ ಬಿಟ್ಟಿದೆ ಮೇಡಂ" ಎಂದು ನೆಂಟರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು. ಬೇರೆ ನೆಂಟರ ಸುದ್ದಿ ಅವರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಶೃಂಗೇರಿ ಹತ್ತಿರದ ಊರಲ್ಲಿ ಒಬ್ಬ ಅಣ್ಣ ಇದ್ದಾರೆ, ಮಾತುಕತೆ ಅಷ್ಟಕ್ಕಷ್ಟೆ. ಇವರು ಕೊಪ್ಪದಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿ ರೂಮು ಮಾಡಿಕೊಂಡು ಒಬ್ಬರೇ ಇದ್ದರು. ನಾನೂ ಒಬ್ಬಳೇ. ಒಬ್ಬರಿಗೆಂದು ಅನ್ನಕ್ಕಿಡುವವರಿಗೆ ಒಂದು ಅಭ್ಯಾಸ ಬಂದಿರುತ್ತದೆ, ಇನ್ನೊಬ್ಬರ ಮನೆಯ ವಿಷಯ ಕೇಳುವುದಿಲ್ಲ, ಕೇಳಿದರೆ ತಿರುಗಿ ನಮ್ಮದನ್ನೂ ಹೇಳಬೇಕಾಗುತ್ತದೆ. ನಾವು ಗುಂಡಿಗಳ ವಿಷಯ ಮಾತಾಡುತ್ತಿದ್ದೆವು.

ನನ್ನದೊಂದು ನಿಯಮವಿದೆ. ಯಾವುದಾದರೂ ಸಂಖ್ಯೆ ತೀರಾ ಏರಿದರೆ ಅಥವಾ ತೀರಾ ಇಳಿದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಬೇಕು, ರಿಪೋರ್ಟು ಟೈಪಾಗುವವರೆಗೆ ಕಾಯದೆ ಕೂಡಲೇ ಫೋನ್ ಮಾಡಬೇಕು. ಅವರಿಗೆ ಈ ನಿಯಮದ ಮೇಲೆ ಬಹಳ ಭಕ್ತಿ. "ಸುತ್ತು ಹಾಕಿದ್ರಾ? ಫೋನ್ ಆಯ್ತಾ?" ಎಂದು ನನ್ನನ್ನೇ ವಿಚಾರಿಸುತ್ತಿದ್ದರು. ಒಮ್ಮೆ ತಮಾಷೆಗೆ, "ಊರವರ ರಕ್ತ ಎಲ್ಲ ಹೊತ್ತು ತರ್ತೀರಿ, ನಿಮ್ದು ಒಂದು ದಿನನೂ ಕೊಟ್ಟಿಲ್ಲ. ಕೈ ಕೊಡಿ ನೋಡುವ" ಎಂದಿದ್ದೆ. "ಬೇಡ ಮಾರಾಯ್ರೆ, ಈ ರೋಡಲ್ಲಿ ನಂದು ಒಳಗೇ ಒಡೆದು ಹೋಗಿರುತ್ತೆ" ಎಂದು ನಕ್ಕು ಹೆಲ್ಮೆಟ್ ಹಾಕಿಕೊಂಡರು.

ಸೀತೂರಿನಿಂದ ಒಳಗೆ ಒಂದು ಅಂಗನವಾಡಿಯ ಟೀಚರ್ ಇದ್ದರು. ಈಗಲೂ ಇದ್ದಾರೆ. ಅವರಿಗೆ ಕಿಡ್ನಿ ತೊಂದರೆ, ಹದಿನೈದು ದಿನಕ್ಕೊಮ್ಮೆ ಪೊಟ್ಯಾಸಿಯಂ ನೋಡಬೇಕು. ಒಡೆದ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಲ್ಲದಿದ್ದರೂ ಹೆಚ್ಚು ತೋರಿಸುತ್ತದೆ. ಒಂದು ವರ್ಷ ಮಳೆ ಬಿಟ್ಟ ಮೇಲೆ ರಸ್ತೆ ಕಿತ್ತುಹೋಗಿ ಆಕೆಯ ರಕ್ತ ಸಾಲಾಗಿ ಮೂರು ಸಲ ಒಡೆಯಿತು. ಮೂರನೆಯ ಸಲ ಸುದ್ದಿ ಹೇಳಲು ಹೋದ ಇವರ ಮುಂದೆ ಆಕೆ ಎರಡೂ ತೋಳು ಚಾಚಿ ನಿಂತರಂತೆ. "ಇನ್ನು ಎಲ್ಲಿ ಚುಚ್ಚೋದು ಅಂತ ನೀವೇ ಜಾಗ ತೋರ್ಸಿ. ಒಡೀತಿರೋದು ನನ್ನ ರಕ್ತ ಅಲ್ಲ, ನಿಮ್ಮ ಗಾಡಿ" ಎಂದರಂತೆ. ಇದನ್ನು ಹೇಳುವಾಗ ಇವರು ತಮ್ಮ ತೋಳುಗಳನ್ನು ಕೌಂಟರಿನ ಮೇಲೆ ಚಾಚಿ ಇಟ್ಟರು. ತುಂಬ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಅವ್ರು ಹೇಳಿದ್ದು ಸರಿ ಮೇಡಂ. ಮುಂದೆ ಗುಂಡಿಗೆ ಇಳಿದ್ರೆ ಟಣ್ ಅನ್ನುತ್ತೆ. ಸ್ಪ್ರಿಂಗ್ ಕೂತು ಹೋಗಿದೆ."

ಬೈಕಿನ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳಿಗೆ ಫೋರ್ಕ್ ಎನ್ನುತ್ತಾರೆ, ಒಳಗೆ ಉದ್ದನೆಯ ಸ್ಪ್ರಿಂಗ್ ಇರುತ್ತದೆ, ಗುಂಡಿ ಬಂದಾಗ ಮೇಲಿನ ಹೊಳೆಯುವ ಕೊಳವೆ ಕೆಳಗಿನದರೊಳಕ್ಕೆ ಇಳಿದು ಏಟನ್ನು ನುಂಗಿಕೊಳ್ಳುತ್ತದೆ. ಇಷ್ಟನ್ನು ನಾನು ಅವರಿಂದಲೇ ಕಲಿತೆ. ಸ್ಪ್ರಿಂಗ್ ಮೆತ್ತಗಾದರೆ ಕೊಳವೆ ಪೂರ್ತಿ ಇಳಿದು ತಳ ಬಡಿಯುತ್ತದೆ. ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಆಯಿತಲ್ಲ ಎಂದು ಅವರು ಯಾವುದೋ ದೊಡ್ಡ ಗಾಡಿಯ ಸ್ಪ್ರಿಂಗ್ ಹುಡುಕಿ ತಂದು ಹಾಕಿಸಿದರು. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದು ನಾವೆಲ್ಲ ತಿಳಿದಿರುತ್ತೇವೆ. ಮೂರೇ ದಿನದಲ್ಲಿ ಆರು ಟ್ಯೂಬ್ ಕೆಂಪಾದವು. ಈಗ ತಳ ಬಡಿಯುತ್ತಿರಲಿಲ್ಲ, ಆದರೆ ಸಣ್ಣ ಸಣ್ಣ ಕಲ್ಲಿನ ಏಟೂ ನೇರವಾಗಿ ಬಾಕ್ಸಿಗೆ ಬರುತ್ತಿತ್ತು.

ನನ್ನ ಬಾಯಿ ಸ್ವಲ್ಪ ಜೋರು. "ಎಂತ, ರಕ್ತ ತರ್ತಿದೀರೋ, ಮಜ್ಜಿಗೆ ಕಡೀತಿದೀರೋ?" ಎಂದುಬಿಟ್ಟೆ. ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಅವತ್ತು ಆರು ಟ್ಯೂಬುಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು, ಅಂಟಿಸಿದ ಹೆಸರುಗಳನ್ನು ಓದಿ, ಸ್ಟ್ಯಾಂಡಿಗೆ ವಾಪಸಿಟ್ಟು ಹೊರಟುಹೋದರು. ಆರು ಮನೆಗೂ ತಾವೇ ಹೋಗಿ ತಪ್ಪಾಯಿತೆಂದು ಹೇಳಿ ಬಂದರೆಂದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆ ಮಜ್ಜಿಗೆಯ ಮಾತಿಗೆ ನಾನು ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ.

ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದಿನ ಮೆಕ್ಯಾನಿಕ್ ಒಬ್ಬರು ದಾರಿ ತೋರಿಸಿದರು. ಸ್ಪ್ರಿಂಗ್ ಇರಬೇಕಾದದ್ದು ಗಾಡಿಯ ಅಂದಾಜಿಗಲ್ಲ, ಕೂರುವವರ ತೂಕಕ್ಕೆ. ತೂಕ ಹೇಳಿದರೆ ಶಿವಮೊಗ್ಗದಿಂದ ತರಿಸಬಹುದು. ಇವರು ಜಯಪುರದಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಗೆ ಹೋಗಿ ಹೆಲ್ಮೆಟ್, ರೇನ್‌ಕೋಟು, ಬಾಕ್ಸು ಎಲ್ಲ ಸಮೇತ ಮೂಟೆ ತೂಗುವ ಯಂತ್ರದ ಮೇಲೆ ನಿಂತರು. ಎಂಬತ್ತೊಂದು ಕೆಜಿ. "ಒಣಗಿದ್ಯಾ ನೋಡಿ, ಹಸಿ ಆದ್ರೆ ರೇಟಿಲ್ಲ" ಎಂದು ಅಲ್ಲಿಯವರು ನಕ್ಕರಂತೆ.

ಮರುವರ್ಷ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಪಾರ್ಸೆಲ್ ಬಂತು. ಹಾಕಿಸುವ ಮೊದಲು ಎರಡೂ ಸ್ಪ್ರಿಂಗನ್ನು ಪೇಪರಿನಲ್ಲಿ ಸುತ್ತಿಕೊಂಡು ನನಗೆ ತೋರಿಸಲು ತಂದರು. ಎಣ್ಣೆ ಹಚ್ಚಿದ, ಮೊಳದಷ್ಟು ಉದ್ದದ ಎರಡು ಸುರುಳಿ. ನನಗೆ ಅದರಲ್ಲಿ ನೋಡಲು ಏನೂ ಕಾಣಲಿಲ್ಲ.

"ನನ್ನ ತೂಕಕ್ಕೇ ಅಂತ ಮಾಡಿದ್ದು ಮೇಡಂ" ಎಂದರು.

ಆ ಮಾತು ಹೇಳುವಾಗ ಅವರ ದನಿಯಲ್ಲಿದ್ದ ಸಂಕೋಚ ನನಗೆ ಆಮೇಲೆ ಅರ್ಥವಾಯಿತು. ರೆಡಿಮೇಡ್ ಅಂಗಿ, ಹೋಟೆಲಿನ ಊಟ, ಯಾರೋ ಬಿಟ್ಟುಹೋದ ಮಂಚ ಇರುವ ರೂಮು. ಅವರ ಅಳತೆ ಕೇಳಿ ಅವರಿಗಾಗಿ ಮಾಡಿದ ವಸ್ತು ಅದೊಂದೇ ಇತ್ತೇನೋ.

ಸ್ಪ್ರಿಂಗ್ ಹಾಕಿಸಿದ ಮರುದಿನ ನನ್ನಲ್ಲಿ ಒಂದು ಸಹಾಯ ಕೇಳಿದರು. ಏಳು ವರ್ಷದಲ್ಲಿ ಅವರು ಕೇಳಿದ ಮೊದಲ ಸಹಾಯ. "ಗಾಡಿ ಮೇಲೆ ಕೂತಾಗ ಮುಂದೆ ಎಷ್ಟು ಕೂರುತ್ತೆ ಅಂತ ಅಳತೆ ತೆಗೀಬೇಕು. ಮೂವತ್ತೈದು ಮಿಲಿಮೀಟರ್ ಬಂದ್ರೆ ಸರಿ. ಅದಕ್ಕೆ ಇಬ್ರು ಬೇಕು ಮೇಡಂ, ಕೂತೋನಿಗೆ ಬಗ್ಗಿ ನೋಡ್ಲಿಕ್ಕೆ ಆಗಲ್ಲ."

ಲ್ಯಾಬಿನ ಹಿಂದಿನ ಗೋಡೆಗೆ ಮೊಣಕೈ ಊರಿ, ಎರಡೂ ಕಾಲು ಮೇಲಿಟ್ಟು ಅವರು ನೆಟ್ಟಗೆ ಕೂತರು, ಫೋಟೋ ತೆಗೆಸಿಕೊಳ್ಳುವವರ ಹಾಗೆ. ನಾನು ಪ್ಲಾಸ್ಟಿಕ್ ಸ್ಕೇಲು ಹಿಡಿದು ಚಕ್ರದ ಹತ್ತಿರ ಕೂತೆ. ಸೆಂಟರ್ ಸ್ಟ್ಯಾಂಡ್ ಹಾಕಿದಾಗ ಹೊಳೆಯುವ ಕೊಳವೆ ಎಷ್ಟು ಹೊರಗಿತ್ತು, ಅವರು ಕೂತಾಗ ಎಷ್ಟು ಉಳಿಯಿತು, ಕಳೆದರೆ ಮೂವತ್ತೈದು. ಆ ಕೊಳವೆಗೆ ಒಂದು ಕಪ್ಪು ದಾರ ಬಿಗಿಯಾಗಿ ಕಟ್ಟಿತ್ತು. "ಗಾಡಿಗೂ ದೃಷ್ಟಿ ದಾರ ಕಟ್ಟಿದೀರಾ? ಇದನ್ನ ನೋಡಿ ಹೊಟ್ಟೆ ಉರಿಯೋರು ಯಾರಿದಾರೆ?" ಎಂದೆ. ಅವರು ಹೆಲ್ಮೆಟ್ಟಿನ ಪಟ್ಟಿ ಹಿಡಿದುಕೊಂಡರು. ಅಳತೆಯನ್ನು ಎಲ್ಲಾದರೂ ಬರೆಯಿರಿ ಎಂದರು. ಕೈಗೆ ಸಿಕ್ಕ ಮಾರ್ಕರ್‌ನಿಂದ ಗೋಡೆಯ ಮೇಲೇ ಬರೆದೆ. ಮೇ, ೩೫.

ಆಮೇಲೆ ರಕ್ತ ಒಡೆಯಲಿಲ್ಲ ಎಂದೇ ಹೇಳಬೇಕು. ಇಡೀ ಜೂನ್‌ನಲ್ಲಿ ಒಂದೇ ಒಂದು. ಅಂಗನವಾಡಿ ಟೀಚರ್ ಅವರ ಪೊಟ್ಯಾಸಿಯಂ ಪ್ರತಿ ಸಲ ಒಂದೇ ಚುಚ್ಚಿಗೆ ಸಿಕ್ಕಿತು. ಇವರು ಪೊಟ್ಟಣ ಬಿಚ್ಚಿ ನೆಮ್ಮದಿಯಿಂದ ತಿನ್ನುವುದನ್ನು ನೋಡಲು ನನಗೂ ಖುಷಿ. ಜುಲೈಯಲ್ಲಿ ಒಂದು ದಿನ ಮತ್ತೆ ಸ್ಕೇಲು ಹಿಡಿಯಲು ಕರೆದರು. ಮೂವತ್ನಾಲ್ಕು ಬಂತು. "ಹೊಸದಲ್ವಾ, ಸೆಟ್ ಆಗ್ತಿದೆ" ಎಂದರು. ಆಗಸ್ಟಿನಲ್ಲಿ ಮೂವತ್ತೆರಡು.

"ಸ್ಪ್ರಿಂಗ್ ಗಟ್ಟಿ ಆಗ್ತಾ ಇದೆ ಮೇಡಂ."

"ಗಟ್ಟಿ ಆದ್ರೆ ಒಳ್ಳೇದಲ್ದಾ?"

"ಒಳ್ಳೇದಲ್ಲ. ಗುಂಡಿ ಏಟು ಈಗ ಕೈಗೆ ಬರುತ್ತೆ. ನೀವು ಬರ್ಕೊಳ್ಳಿ."

ಬರೆದೆ. ಆ ದಿನಗಳಲ್ಲಿ ಮಳೆ. ಅವರನ್ನು ನಾನು ನೋಡಿದ್ದೆಲ್ಲ ರೇನ್‌ಕೋಟಿನಲ್ಲಿ. ಕಾಲರಿನಿಂದ ಮೊಣಕಾಲಿನವರೆಗೆ ದಪ್ಪ ಪ್ಲಾಸ್ಟಿಕ್, ಒಳಗೆ ಜರ್ಕಿನ್ನು. ಕೈಗಡಿಯಾರ ಮುಂಗೈಯಲ್ಲಿ ತಿರುಗಿ ಒಳಗಡೆಗೆ ಜಾರುತ್ತಿತ್ತು. "ಬೇರೆ ಬೆಲ್ಟ್ ಹಾಕಿಸ್ಕೊಳ್ಳಿ" ಎಂದು ನಾನೇ ಹೇಳಿದ್ದೆ. ಪೊಟ್ಟಣದಲ್ಲಿದ್ದ ವಡೆಯನ್ನು ಈಚೆಗೆ ಅವರು ಕೌಂಟರಿನ ಮೇಲೆ ನನ್ನ ಕಡೆಗೆ ತಳ್ಳುತ್ತಿದ್ದರು. "ನಿಮಗಿರ್ಲಿ ಮೇಡಂ, ನಂಗೆ ಇಡ್ಲಿ ಸಾಕು." ಯಾರಾದರೂ ನನಗೆಂದು ಏನಾದರೂ ತೆಗೆದಿಟ್ಟು ಎಷ್ಟೋ ಕಾಲವಾಗಿತ್ತು. ದಿನಾ ಹನ್ನೊಂದೂಕಾಲಿಗೆ ನಾನು ಆ ವಡೆಗೆ ಕಾಯತೊಡಗಿದ್ದೆ. ಸಂತೋಷದಿಂದ ತಿನ್ನುತ್ತಿದ್ದೆ.

ಅಕ್ಟೋಬರಿನಲ್ಲಿ ಕೊನೆಯ ಸಲ ಅಳತೆ ತೆಗೆದದ್ದು. ಅವತ್ತು ಅವರು ಗಾಡಿ ಹತ್ತಿ ಕೂರಲು ಸ್ವಲ್ಪ ಹೊತ್ತು ಮಾಡಿದರು. ನಾನು ಎರಡು ಸಲ ಸ್ಕೇಲು ಇಟ್ಟು ನೋಡಿ "ಇಪ್ಪತ್ತೊಂಬತ್ತು" ಎಂದೆ.

"ಇಪ್ಪತ್ತೊಂಬತ್ತಾ?" ಎಂದರು. ನನ್ನ ಮುಖವನ್ನೇ ನೋಡುತ್ತಿದ್ದರು. "ಇಳೀತಾನೇ ಇದೆ ಅಲ್ದಾ ಮೇಡಂ?"

"ಆ ಶಿವಮೊಗ್ಗದವ್ರು ನಿಮ್ಗೆ ಸರಿಯಾಗಿ ಟೋಪಿ ಹಾಕಿದಾರೆ. ವಾಪಸ್ ಕಳ್ಸಿ" ಎಂದೆ. ಒಳಗೆ ಯಂತ್ರ ನಿಂತು ಬೀಪ್ ಎನ್ನುತ್ತಿತ್ತು. ಗೋಡೆಯ ಮೇಲೆ ೨೯ ಎಂದು ಗೀಚಿ ಒಳಗೆ ಓಡಿದೆ.

ನವೆಂಬರಿನಲ್ಲಿ ಒಂದು ದಿನ "ಎರಡು ದಿನ ರಜಾ ಮೇಡಂ, ಮಂಗಳೂರಿಗೆ ಹೋಗಿ ಬರ್ತೀನಿ" ಎಂದು ಫೋನ್ ಮಾಡಿದರು. ಎರಡು ದಿನ ಎರಡು ವಾರವಾಯಿತು. ಫೋನ್ ಮಾಡಿದಾಗ "ಹೊಟ್ಟೇದು ಸ್ವಲ್ಪ ತೊಂದ್ರೆ, ಎಂತ ಇಲ್ಲ. ಟೀಚರ್‌ದು ಸರಿ ಬಂತಾ?" ಎಂದು ಕೇಳಿದರು. ಸರಿ ಬಂತು ಎಂದು ಸುಳ್ಳು ಹೇಳಿದೆ. ಅವರಿಲ್ಲದೆ ಸ್ಯಾಂಪಲ್ಲುಗಳು ಬಸ್ಸಿನಲ್ಲಿ ಬರುತ್ತಿದ್ದವು, ಆಕೆಯದು ಮತ್ತೆ ಒಡೆದಿತ್ತು. ಡಿಸೆಂಬರಿನಲ್ಲಿ ಇವರು ತೀರಿಕೊಂಡರು. ಕಾಯಿಲೆ ಹೊಟ್ಟೆಯಲ್ಲಿ ಎಷ್ಟೋ ತಿಂಗಳಿಂದ ಇತ್ತಂತೆ, ಮೊದಲೇ ನೋಡಿದ್ದರೆ ಏನಾದರೂ ಮಾಡಬಹುದಿತ್ತಂತೆ. ಅಣ್ಣ ಬಂದು ಎಲ್ಲ ಮುಗಿಸಿದ ಮೇಲೆ, ಆರನೆಯ ದಿನ, ಪಾತ್ರೆ ಅಂಗಡಿಯವರು ದಾರಿಯಲ್ಲಿ ಸಿಕ್ಕಿ ನನಗೆ ಹೇಳಿದರು. ತಿಳಿಸಬೇಕಾದವರ ಪಟ್ಟಿಯಲ್ಲಿ ನಾನು ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಬೈಕು ಮೆಕ್ಯಾನಿಕ್ ಹತ್ತಿರ ಇದೆ, ಅಣ್ಣ ಮಾರಲು ಬಿಟ್ಟಿದ್ದಾರೆ ಎಂದು ಕೇಳಿ ಒಂದು ಸಂಜೆ ಹೋದೆ. ಯಾಕೆ ಹೋದೆನೋ. ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಸೀಟಿನ ಮೇಲೆ ಧೂಳು. ಬರಿದೇ ನಿಂತರೆ ಚೆನ್ನಾಗಿರುವುದಿಲ್ಲ ಎಂದು, ಆ ಸ್ಪ್ರಿಂಗ್ ಕಳಪೆಯದು, ಹಾಕಿದಾಗಿನಿಂದ ಗಟ್ಟಿಯಾಗುತ್ತಲೇ ಇತ್ತು ಎಂದು ದೂರು ಹೇಳಿದೆ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನಕ್ಕರು. "ಸ್ಪ್ರಿಂಗ್ ಎಲ್ಲಾದ್ರೂ ಗಟ್ಟಿ ಆಗುತ್ತಾ ಮೇಡಂ? ವರ್ಷ ಹೋದ ಹಾಗೆ ಮೆತ್ತಗಾಗೋದು ಅದು. ಕೂರೋದು ಕಮ್ಮಿ ಆಗಿದ್ರೆ ಕೂತೋರು ಹಗುರ ಆಗಿರ್ಬೇಕು."

ಹೇಳಿದ ಮೇಲೆ ಅವರಿಗೂ ಹೊಳೆಯಿತು. ನಗು ನಿಂತಿತು.

ನಾನು ಬೈಕಿನ ಮುಂದೆ ಕುಕ್ಕುರುಗಾಲಲ್ಲಿ ಕೂತೆ. ಕಪ್ಪು ದಾರ ಹಾಗೇ ಇತ್ತು. ಏನಾದರೂ ಮಾತಾಡಬೇಕಲ್ಲ ಎಂದು, "ಈ ದೃಷ್ಟಿ ದಾರನಾದ್ರೂ ಬಿಚ್ಚಿ" ಎಂದೆ.

"ದೃಷ್ಟೀದಲ್ಲ ಅದು. ನಾನೇ ಕಟ್ಟಿ ಕೊಟ್ಟಿದ್ದು, ಸ್ಪ್ರಿಂಗ್ ಹಾಕಿದ ದಿನ. ಒಬ್ರೇ ಇರೋರು, ಅಳತೆಗೆ ಯಾರನ್ನ ಕರೀತಾರೆ ಅಂತ." ಅವರು ಹ್ಯಾಂಡಲ್ ಹಿಡಿದು ಮುಂದಕ್ಕೆ ಒತ್ತಿ ಬಿಟ್ಟರು. ಕೊಳವೆ ಇಳಿಯುವಾಗ ಕೆಳಗಿನ ಕೊಳವೆಯ ಬಾಯಿ ದಾರವನ್ನು ಮೇಲಕ್ಕೆ ತಳ್ಳಿತು, ಕೊಳವೆ ವಾಪಸು ಮೇಲೆ ಬಂದರೂ ದಾರ ಮಾತ್ರ, ಎಷ್ಟು ಇಳಿದಿತ್ತೆಂಬ ಗುರುತಾಗಿ, ತಳ್ಳಿದ ಜಾಗದಲ್ಲೇ ನಿಂತುಕೊಂಡಿತು. "ನೋಡಿ, ಕೂತು ಇಳಿದು ನೋಡಿದ್ರೆ ಆಯ್ತು. ಎರಡನೇವ್ರೇ ಬೇಡ."

ಅಂದರೆ ಅವರಿಗೆ ನನ್ನ ಸಹಾಯ ಬೇಕಿರಲಿಲ್ಲ. ಮೊದಲ ದಿನದಿಂದಲೂ ಬೇಕಿರಲಿಲ್ಲ. ಮೈ ಇಳಿಯುತ್ತಿದ್ದುದು ಅವರಿಗೆ ಗೊತ್ತಿತ್ತೋ, ನಿಜವಾಗಿಯೂ ಸ್ಪ್ರಿಂಗ್ ಎಂದೇ ನಂಬಿದ್ದರೋ ಹೇಳಲಾರೆ. ಅಕ್ಟೋಬರಿನಲ್ಲಿ ನನ್ನ ಮುಖವನ್ನು ನೋಡುತ್ತ ಕೂತವರು ಯಾವ ಮಾತಿಗೆ ಕಾಯುತ್ತಿದ್ದರೋ ಅದೂ ಗೊತ್ತಿಲ್ಲ. ಊರಿನಲ್ಲಿ ಒಂದು ಸಂಖ್ಯೆ ಇಳಿದರೆ ಏನೆಂದು ತಿಳಿಯುವವಳು ಎಂದು ಅವರು ನಂಬಿದ್ದು ನನ್ನನ್ನು. ನಾನು ವಡೆ ತಿಂದೆ, ಟೋಪಿ ಹಾಕಿದ್ದಾರೆ ಎಂದೆ.

ಲ್ಯಾಬಿಗೆ ವಾಪಸು ಬಂದು ಹಿಂದಿನ ಗೋಡೆಯ ಹತ್ತಿರ ಹೋದೆ. ನನ್ನದೇ ಅಕ್ಷರದಲ್ಲಿ ಒಂದರ ಕೆಳಗೊಂದು ಇತ್ತು. ೩೫, ೩೪, ೩೨, ೨೯. ಜೇಬಿನಿಂದ ಕೆಂಪು ಪೆನ್ನು ತೆಗೆದು ಕೊನೆಯದಕ್ಕೆ ಸುತ್ತು ಹಾಕಿದೆ. ಸುತ್ತು ಹಾಕಿದ ಕೂಡಲೇ ಫೋನ್ ಮಾಡಬೇಕು, ಅದು ನಿಯಮ.